ಡ್ರೂಲ್ಸ್‌ನಲ್ಲಿ ಟ್ರೇಟ್ ತೊಡಿಸುವುದಕ್ಕೆ ಒಂದೇ ಬಾಗಿಲಿರಲಿ
ಡ್ರೂಲ್ಸ್ ಎಂದರೆ ಜಾವಾದ ರೂಲ್ ಎಂಜಿನ್; ಟ್ರೇಟ್ ಎಂದರೆ ಇರುವ ಆಬ್ಜೆಕ್ಟಿಗೆ ಓಡುವಾಗಲೇ ತೊಡಿಸುವ ಹೆಚ್ಚುವರಿ ಗುಣ. ಕಂಡಕಂಡ ರೂಲಿನಲ್ಲೆಲ್ಲ ಅದನ್ನು ತೊಡಿಸುವ ‘ಡಾನ್’ (don) ಕರೆದರೆ, ಯಾವ ಆಬ್ಜೆಕ್ಟಿಗೆ ಯಾವ ಟ್ರೇಟ್ ಎಲ್ಲಿಂದ ಬಂತೆಂದು ಹುಡುಕಿಯೇ ಸಾಕಾಗುತ್ತದೆ. ಮಲ್ಪೆ ಬೋಟುಗಳನ್ನೇ ತೆಗೆದುಕೊಳ್ಳಿ. ‘ಬೋಟ್’ ಕ್ಲಾಸಿಗೆ ಟ್ರೇಟಬಲ್ (ಟ್ರೇಟ್ ತೊಡಬಲ್ಲದು ಎಂಬ ಗುರುತು) ಅನೊಟೇಶನ್ ಹಾಕಿ, ‘ನಿಷೇಧಿತ’ ಟ್ರೇಟನ್ನು ಒಂದೇ ರೂಲಿನಿಂದ ತೊಡಿಸಿ. ಷರತ್ತು ಎರಡು: ಬೋಟು ಯಾಂತ್ರೀಕೃತವಾಗಿರಬೇಕು (ನಾಡದೋಣಿ ಬೇಡ), ಜೂನ್ 1ರಿಂದ ಜುಲೈ 31ರ ಮಳೆಗಾಲದ ಮೀನುಗಾರಿಕೆ ನಿಷೇಧದ ಫ್ಯಾಕ್ಟ್ ವರ್ಕಿಂಗ್ ಮೆಮೊರಿಯಲ್ಲಿ (ರೂಲುಗಳು ನೋಡುವ ಡೇಟಾದ ಜಾಗ) ಇರಬೇಕು.

‘ಡಾನ್’ನ ಮೂರನೇ ಆರ್ಗ್ಯುಮೆಂಟ್ ‘ಟ್ರೂ’ ಕೊಟ್ಟರೆ ಅದು ಲಾಜಿಕಲ್, ಅಂದರೆ ರೂಲಿನ ಷರತ್ತು ನಿಜವಿರುವವರೆಗೆ ಮಾತ್ರ ಟ್ರೇಟ್ ಉಳಿಯುತ್ತದೆ. ಆಗಸ್ಟ್ 1ಕ್ಕೆ ನಿಷೇಧದ ಫ್ಯಾಕ್ಟ್ ಡಿಲೀಟ್ ಮಾಡಿದರೆ ಟ್ರೇಟ್ ತಾನಾಗಿ ಕಳಚುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ: ಲಾಜಿಕಲ್ ರೂಲಿನಲ್ಲಿ ‘ನಾಟ್ ಈಸ್‌ಎ ನಿಷೇಧಿತ’ (ಈ ಟ್ರೇಟ್ ಇನ್ನೂ ತೊಟ್ಟಿಲ್ಲ ಎಂಬ ಷರತ್ತು) ಸೇರಿಸಬೇಡಿ. ತೊಡಿಸಿದ ಕೂಡಲೇ ಷರತ್ತು ಸುಳ್ಳಾಗಿ ಟ್ರೇಟ್ ಬಿದ್ದುಹೋಗುತ್ತದೆ, ರೂಲ್ ಮತ್ತೆ ಫೈರ್ ಆಗುತ್ತದೆ, ಲೂಪ್. ಸಾದಾ ‘ಡಾನ್’ಗಾದರೆ ಆ ಷರತ್ತು ಹಾಕಬಹುದು, ಆದರೆ ಟ್ರೇಟ್ ಕಳಚುವ ‘ಶೆಡ್’ (shed) ಕರೆಯುವ ಜವಾಬ್ದಾರಿ ನಿಮ್ಮದೇ.