ಮೊತ್ತದ ಜಾಗದಲ್ಲಿ ಬರೀ ####: ಇಕ್ಕಟ್ಟಾದ ಕಾಲಂ ಹುಡುಕುವುದು ಹೇಗೆ?

ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳು ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಮಹಾಸಭೆ ನಡೆಸಬೇಕು. ಅದಕ್ಕೆ ಮುಂಚಿನ ವಾರಗಳಲ್ಲಿ ಮುಲುಂಡ್‌ನಿಂದ ಡೊಂಬಿವಲಿಯವರೆಗೆ ಕೋಶಾಧಿಕಾರಿಗಳ ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆ ತೆರೆದೇ ಇರುತ್ತದೆ. ಲೆಕ್ಕ ಸರಿಯಾಗಿಯೇ ಇರುತ್ತದೆ. ಪ್ರತಿ ತೆಗೆದು ಮನೆಮನೆಗೆ ಹಂಚಿದ ಮೇಲೆ ನೋಡಿದರೆ ಕಟ್ಟಡದ ದೊಡ್ಡ ದುರಸ್ತಿಗೆಂದು ಕೂಡಿಡುವ ಸಿಂಕಿಂಗ್ ಫಂಡ್‌ನ ಮೊತ್ತ ಇರಬೇಕಾದ ಕಡೆ ####. ಸಭೆಯಲ್ಲಿ ಮೊದಲ ಪ್ರಶ್ನೆ ಯಾವುದೆಂದು ಬೇರೆ ಹೇಳಬೇಕಿಲ್ಲ.

ಈ ಹ್ಯಾಶ್ ಗುರುತು ಲೆಕ್ಕದ ತಪ್ಪಲ್ಲ. ಅಂಕಿ ಹಿಡಿಸುವಷ್ಟು ಅಗಲ ಕಾಲಂಗೆ ಇಲ್ಲ ಎಂದಷ್ಟೇ ಅದರ ಅರ್ಥ. ಮೇಲಿನ ಫಾರ್ಮುಲಾ ಪಟ್ಟಿಯಲ್ಲಿ ನೋಡಿದರೆ ಒಳಗಿನದು ಹಾಗೆಯೇ ಇರುತ್ತದೆ. 48,88,800 ರೂಪಾಯಿಯ ಬಾಲ ಕತ್ತರಿಸಿ 48,88 ಎಂದು ತೋರಿಸಿದರೆ ಅನಾಹುತ. ಅದಕ್ಕಿಂತ ಏನನ್ನೂ ತೋರಿಸದಿರುವುದೇ ಲೇಸು ಎಂದು ಎಕ್ಸೆಲ್ ಹೀಗೆ ಮಾಡುತ್ತದೆ. ನಿಜವಾಗಿ ಹೆದರಬೇಕಾದದ್ದು ಹ್ಯಾಶ್ ಕಾಣಿಸದೆ ಅಂಕಿ ಬದಲಾಗುವ ಕಾಲಂಗಳಿಗೆ. ಅದು ಮುಂದೆ ಬರುತ್ತದೆ.

ಮೊತ್ತದ ಸಾಲೇ ಏಕೆ ಮೊದಲು ಕೈಕೊಡುತ್ತದೆ?

ಕ್ಯಾಲಿಬ್ರಿ 11 ಅಕ್ಷರ ಇರುವ ಹೊಸ ಹಾಳೆಯಲ್ಲಿ ಕಾಲಂ ಅಗಲ 8.43, ಎಂದರೆ 64 ಪಿಕ್ಸೆಲ್. ಆ ಅಕ್ಷರದ ಎಂಟು ಚಿಲ್ಲರೆ ಸೊನ್ನೆಗಳನ್ನು ಸಾಲಾಗಿ ಇಟ್ಟಷ್ಟು ಜಾಗ. ಒಂದು ಫ್ಲ್ಯಾಟಿನ ತಿಂಗಳ ಮೇಂಟೆನೆನ್ಸ್ 4,850.00 ಅದರಲ್ಲಿ ಆರಾಮವಾಗಿ ಕೂರುತ್ತದೆ. 84 ಫ್ಲ್ಯಾಟಿನ ಮೊತ್ತ 4,07,400.00 ಕೂರುವುದಿಲ್ಲ, ವರ್ಷದ 48,88,800.00 ಅಂತೂ ಇಲ್ಲವೇ ಇಲ್ಲ. ಅಂಕಿಯನ್ನು ಕೈಯಾರೆ ಟೈಪ್ ಮಾಡಿದಾಗ, ಆ ಕಾಲಂನ ಅಗಲವನ್ನು ನೀವು ಮೊದಲೇ ಬದಲಿಸಿಲ್ಲದಿದ್ದರೆ, ಎಕ್ಸೆಲ್ ಸಾಮಾನ್ಯವಾಗಿ ತಾನೇ ಜಾಗ ಮಾಡಿಕೊಳ್ಳುತ್ತದೆ. ಫಾರ್ಮುಲಾದ ಫಲಿತಾಂಶ ದೊಡ್ಡದಾದಾಗ ಆ ಸೌಜನ್ಯ ಇಲ್ಲ. ಸಾಲದ್ದಕ್ಕೆ ಮೊತ್ತವನ್ನು ಎಲ್ಲರೂ ಬೋಲ್ಡ್ ಮಾಡುತ್ತಾರೆ, ಅದು ಇನ್ನಷ್ಟು ಜಾಗ ತಿನ್ನುತ್ತದೆ.

ನಮ್ಮ ಲಕ್ಷ, ಕೋಟಿಯ ಅಲ್ಪವಿರಾಮದ್ದೂ ಒಂದು ಪಾಲಿದೆ. 407,400 ಎಂದು ಬರೆದರೆ ಒಂದೇ ವಿರಾಮ, 4,07,400 ಎಂದರೆ ಎರಡು. ವಿರಾಮ ಎಲ್ಲಿ ಬೀಳಬೇಕು ಎಂಬುದನ್ನು ಎಕ್ಸೆಲ್ ವಿಂಡೋಸ್‌ನ ಪ್ರದೇಶದ ಸೆಟ್ಟಿಂಗಿನಿಂದ ತೆಗೆದುಕೊಳ್ಳುತ್ತದೆ. ಹಾಗಾಗಿ ಅಮೆರಿಕದ ಸೆಟ್ಟಿಂಗ್ ಇರುವ ಯಂತ್ರದಲ್ಲಿ ಚೆನ್ನಾಗಿ ಕಂಡ ಹಾಳೆ ಸಿಎ ಆಫೀಸಿನಲ್ಲಿ ಹ್ಯಾಶ್ ತೋರಿಸಬಹುದು.

ಹುಡುಕುವ ಕ್ರಮ

ಹನ್ನೆರಡು ತಿಂಗಳಿಗೆ ಹನ್ನೆರಡು ಹಾಳೆ, ಒಂದೊಂದರಲ್ಲೂ ಇಪ್ಪತ್ತು ಕಾಲಂ ಇದ್ದರೆ ಕಣ್ಣಾಡಿಸಿ ಹುಡುಕುವುದು ಆಗದ ಮಾತು. ಫೈಂಡ್ ಬಳಸಿ.

1. ಮೊದಲು ಝೂಮ್ ಅನ್ನು 100ಕ್ಕೆ ತನ್ನಿ. ಶೇ 80ರಲ್ಲಿ ಹ್ಯಾಶ್ ಕಂಡು 100ರಲ್ಲಿ ಮಾಯವಾಗುವುದೂ ಉಂಟು, ತಿರುಗುಮುರುಗೂ ಉಂಟು. ಅಡಗಿಸಿಟ್ಟ ಕಾಲಂ ಮತ್ತು ಸಾಲುಗಳನ್ನು ತೆರೆಯಿರಿ, ಫಿಲ್ಟರ್ ತೆಗೆಯಿರಿ. ಮುಂದಿನ ಹುಡುಕಾಟ ಕಾಣದ ಸೆಲ್‌ಗಳನ್ನು ಮುಟ್ಟುವುದಿಲ್ಲ.

2. ಕಂಟ್ರೋಲ್ ಜೊತೆ ಎಫ್ ಒತ್ತಿ, ಆಪ್ಷನ್ಸ್ ತೆರೆಯಿರಿ. ಹುಡುಕುವ ಪದವಾಗಿ ## ಎಂದು ಎರಡು ಹ್ಯಾಶ್ ಹಾಕಿ. ಒಂದೇ ಹಾಕಿದರೆ ಭಾಗಾಕಾರದ ತಪ್ಪಿಗೆ ಬರುವ, ಒಂದೇ ಹ್ಯಾಶ್‌ನಿಂದ ಶುರುವಾಗುವ ದೋಷ ಸಂದೇಶಗಳೂ ಪಟ್ಟಿಗೆ ಸೇರುತ್ತವೆ.

3. 'ವಿದಿನ್' ಎಂಬಲ್ಲಿ ವರ್ಕ್‌ಬುಕ್, 'ಲುಕ್ ಇನ್' ಎಂಬಲ್ಲಿ ವ್ಯಾಲ್ಯೂಸ್ ಆರಿಸಿ. ಇಡೀ ಉಪಾಯ ನಿಂತಿರುವುದು ಈ ಎರಡನೆಯದರ ಮೇಲೆ. ಫಾರ್ಮುಲಾಸ್ ಎಂದೇ ಬಿಟ್ಟರೆ ಎಕ್ಸೆಲ್ ಸೆಲ್‌ನ ಒಳಗಿರುವುದನ್ನು ಹುಡುಕುತ್ತದೆ, ಅಲ್ಲಿ ಹ್ಯಾಶ್ ಇರುವುದೇ ಇಲ್ಲ. ವ್ಯಾಲ್ಯೂಸ್ ಎಂದರೆ ಪರದೆಯ ಮೇಲೆ ಕಾಣುವುದನ್ನು ಹುಡುಕುತ್ತದೆ. ಇಡೀ ಸೆಲ್ ಹೊಂದಬೇಕು ಎಂಬ ಚೌಕದಲ್ಲಿ ಗುರುತು ಇದ್ದರೆ ತೆಗೆಯಿರಿ.

4. ಫೈಂಡ್ ಆಲ್ ಒತ್ತಿ. ಯಾವ ಹಾಳೆ, ಯಾವ ಸೆಲ್ ಎಂಬ ಪಟ್ಟಿ ಕೆಳಗೆ ಬರುತ್ತದೆ. ಯಾರಾದರೂ ಷರಾದಲ್ಲಿ ಹ್ಯಾಶ್ ಗುರುತನ್ನೇ ಟೈಪ್ ಮಾಡಿದ್ದರೆ ಅದೂ ಬರುತ್ತದೆ, ಬಿಟ್ಟುಬಿಡಿ.

5. ಸರಿಪಡಿಸುವಾಗ ಒಂದೊಂದೇ ಹಾಳೆ ತೆಗೆದುಕೊಳ್ಳಿ. 'ವಿದಿನ್' ಅನ್ನು ಶೀಟ್‌ಗೆ ಬದಲಿಸಿ ಮತ್ತೆ ಫೈಂಡ್ ಆಲ್ ಮಾಡಿ, ಪಟ್ಟಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿ ಕಂಟ್ರೋಲ್ ಎ ಒತ್ತಿ. ಹ್ಯಾಶ್ ಇರುವ ಸೆಲ್‌ಗಳೆಲ್ಲ ಒಟ್ಟಿಗೆ ಆಯ್ಕೆಯಾಗುತ್ತವೆ. ಕಿಟಕಿ ಮುಚ್ಚಿ ಆಲ್ಟ್, ಎಚ್, ಓ, ಐ ಕೀಲಿಗಳನ್ನು ಒಂದಾದ ಮೇಲೊಂದು ಒತ್ತಿ.

ಕೊನೆಯದು ಆಟೋಫಿಟ್, ಎಂದರೆ ಒಳಗಿರುವುದಕ್ಕೆ ತಕ್ಕಂತೆ ಕಾಲಂ ಅಗಲವನ್ನು ಎಕ್ಸೆಲ್ ತಾನೇ ಹೊಂದಿಸುವುದು. ಕಾಲಂ ತಲೆಯ ಗೆರೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೂ ಆಟೋಫಿಟ್ ಆಗುತ್ತದಲ್ಲ ಎನ್ನಬಹುದು. ಆಗುತ್ತದೆ, ಆದರೆ ಅದು ಇಡೀ ಕಾಲಂ ನೋಡುತ್ತದೆ. ಮೊದಲ ಸಾಲಿನಲ್ಲಿ ಸೊಸೈಟಿಯ ಹೆಸರು, ರಿಜಿಸ್ಟ್ರೇಷನ್ ನಂಬರು, ವಿಳಾಸ ಎಲ್ಲ ಒಂದೇ ಸೆಲ್‌ನಲ್ಲಿದ್ದರೆ ಕಾಲಂ ಅಂಗೈಯಗಲ ಹಿಗ್ಗಿ ಎ4 ಹಾಳೆಯಿಂದ ಹೊರಗೆ ಹೋಗುತ್ತದೆ. ಆಯ್ದ ಸೆಲ್‌ಗಳ ಮೇಲೆ ಮಾಡಿದ ಆಟೋಫಿಟ್ ಆ ಸೆಲ್‌ಗಳಿಗೆ ಬೇಕಾದಷ್ಟನ್ನೇ ಕೊಡುತ್ತದೆ. ಮರ್ಜ್ ಮಾಡಿದ ಸೆಲ್‌ಗಳನ್ನು ಮಾತ್ರ ಎರಡೂ ವಿಧಾನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವುಗಳ ಅಗಲ ಕೈಯಿಂದಲೇ ಹೊಂದಿಸಬೇಕು.

ಸದ್ದಿಲ್ಲದೆ ಬದಲಾಗುವ ಅಂಕಿ

ಹ್ಯಾಶ್ ಬರುವುದು ಮುಖ್ಯವಾಗಿ ನಂಬರ್, ಕರೆನ್ಸಿ, ಅಕೌಂಟಿಂಗ್, ದಿನಾಂಕ ಎಂದು ಫಾರ್ಮ್ಯಾಟ್ ಮಾಡಿದ ಸೆಲ್‌ಗಳಲ್ಲಿ. ಯಾವ ಫಾರ್ಮ್ಯಾಟೂ ಆರಿಸದೆ ಜನರಲ್ ಎಂದು ಬಿಟ್ಟ ಸೆಲ್ ಜಾಗ ಸಾಲದಿದ್ದರೆ ದಶಮಾಂಶವನ್ನು ದುಂಡಗೆ ಮಾಡಿ ತೋರಿಸುತ್ತದೆ. 4,850 ರೂಪಾಯಿ ಬಾಕಿಗೆ ವಾರ್ಷಿಕ ಶೇ 21 ಬಡ್ಡಿ ಎಂದು ಹಿಡಿದರೆ ಒಂದು ತಿಂಗಳಿಗೆ 84.875. ಕಾಲಂ ಕಿರಿದಾದಂತೆ ಅದೇ ಸೆಲ್‌ನಲ್ಲಿ 84.88, 84.9, ಕೊನೆಗೆ 85 ಕಾಣುತ್ತದೆ. ಕ್ಯಾಲ್ಕುಲೇಟರ್ ಹಿಡಿದು ಕೂಡಿಸಿದ ಸದಸ್ಯರಿಗೆ ಮೊತ್ತ ತಾಳೆಯಾಗದು; ತಪ್ಪು ಯಾರದೂ ಅಲ್ಲ.

ಇಂಥವು ## ಹುಡುಕಾಟಕ್ಕೆ ಸಿಗುವುದಿಲ್ಲ. ಅವನ್ನು ಬಾಯಿಬಿಡಿಸುವುದು ಸುಲಭ: ಹಣದ ಕಾಲಂಗಳನ್ನೆಲ್ಲ ಆಯ್ದು ಕಂಟ್ರೋಲ್, ಶಿಫ್ಟ್, 1 ಒತ್ತಿ. ಎರಡು ದಶಮಾಂಶದ ನಂಬರ್ ಫಾರ್ಮ್ಯಾಟ್ ಬರುತ್ತದೆ. ಈಗ ಜಾಗ ಸಾಲದ ಸೆಲ್‌ಗಳೆಲ್ಲ ಹ್ಯಾಶ್ ತೋರಿಸುತ್ತವೆ, ಹುಡುಕಾಟ ಮತ್ತೊಮ್ಮೆ ನಡೆಸಿ.

ಬ್ಯಾಂಕ್ ಖಾತೆ ಸಂಖ್ಯೆಯ ಕತೆ ಬೇರೆ. ಜನರಲ್ ಸೆಲ್‌ನಲ್ಲಿ 12 ಅಥವಾ ಹೆಚ್ಚು ಅಂಕಿಯ ಸಂಖ್ಯೆ ಹಾಕಿದರೆ ಕಾಲಂ ಎಷ್ಟೇ ಅಗಲವಿದ್ದರೂ ನಡುವೆ ಇ ಅಕ್ಷರ ಮತ್ತು ಪ್ಲಸ್ ಇರುವ ರೂಪಕ್ಕೆ ತಿರುಗುತ್ತದೆ. 15 ಅಂಕಿಯ ನಂತರದವು ಸೊನ್ನೆಯಾಗುತ್ತವೆ, ಮತ್ತೆ ಸಿಗುವುದಿಲ್ಲ. ಹಾಗಾಗಿ ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿಡಿ. ಟೆಕ್ಸ್ಟ್ ಆದ ಮೇಲೆ ಇನ್ನೊಂದು ತೊಡಕು: ಪಕ್ಕದ ಸೆಲ್ ತುಂಬಿದ್ದರೆ ಬಾಲ ಯಾವ ಗುರುತೂ ಇಲ್ಲದೆ ಮರೆಯಾಗುತ್ತದೆ. 15 ಅಕ್ಷರದ ಜಿಎಸ್‌ಟಿ ನಂಬರಿನ ಕಾಲಂಗೂ ಇದೇ ಗತಿ. ಈ ಎರಡು ಕಾಲಂಗಳಿಗೆ ಮೊದಲೇ 20ರ ಅಗಲ ಕೊಟ್ಟುಬಿಡಿ.

ಎಷ್ಟು ಅಗಲಿಸಿದರೂ ಹೋಗದ ಹ್ಯಾಶ್

ಕಾಲಂ ಎಳೆದಷ್ಟೂ ಹ್ಯಾಶ್ ಉದ್ದವಾಗುತ್ತಾ ಹೋದರೆ ಅಗಲದ ದೋಷವಲ್ಲ. ಸೊನ್ನೆಗಿಂತ ಕಡಿಮೆಯಾದ ದಿನಾಂಕ ಅಥವಾ ಸಮಯ. ವಾಚ್‌ಮನ್ ಪಾಳಿಯ ಹಾಳೆಯಲ್ಲಿ ಇದು ಮಾಮೂಲು. ರಾತ್ರಿ 8ಕ್ಕೆ ಬಂದು ಬೆಳಿಗ್ಗೆ 8ಕ್ಕೆ ಹೋದವರ ಹೋದ ಸಮಯದಿಂದ ಬಂದ ಸಮಯ ಕಳೆದರೆ ಮೈನಸ್ ಅರ್ಧ ದಿನ ಬರುತ್ತದೆ. ಎಕ್ಸೆಲ್‌ಗೆ ಒಂದು ದಿನ ಎಂದರೆ 1. ಹೋದ ಸಮಯ ಬಂದ ಸಮಯಕ್ಕಿಂತ ಕಡಿಮೆಯಿದ್ದಾಗ 1 ಕೂಡಿಸುವಂತೆ ಫಾರ್ಮುಲಾ ಬರೆದರೆ 12 ಗಂಟೆ ಸರಿಯಾಗಿ ಸಿಗುತ್ತದೆ. ದಿನಾಂಕದ ಫಾರ್ಮ್ಯಾಟ್ ಇರುವ ಸೆಲ್‌ಗೆ ತಪ್ಪಿ ಮೈನಸ್ ಮೊತ್ತ ಬಿದ್ದರೂ ಹೀಗೆಯೇ; ಅಲ್ಲಿ ಫಾರ್ಮ್ಯಾಟ್ ಬದಲಿಸಿದರೆ ಸಾಕು.

ಪ್ರಿಂಟಿಗೆ ಮುನ್ನ

ಪರದೆಯ ಮೇಲೆ ಕಂಡದ್ದು ಕಾಗದದ ಮೇಲೂ ಕಾಣುತ್ತದೆ ಎಂಬ ಖಾತ್ರಿ ಇಲ್ಲ. ಪ್ರಿಂಟರಿಗೆ ಅಕ್ಷರದ ಅಳತೆ ಕೂದಲೆಳೆಯಷ್ಟು ಬೇರೆಯಾದರೂ, ಅಂಚಿಗೆ ಒತ್ತಿಕೊಂಡು ಕೂತಿದ್ದ ಮೊತ್ತ ಹ್ಯಾಶ್ ಆಗುತ್ತದೆ. ಆಟೋಫಿಟ್ ಆದ ಮೇಲೆ ಆಲ್ಟ್, ಎಚ್, ಓ, ಡಬ್ಲ್ಯೂ ಒತ್ತಿ ಅಗಲಕ್ಕೆ ಒಂದೋ ಎರಡೋ ಸೇರಿಸಿ, ಕಂಟ್ರೋಲ್ ಪಿ ಒತ್ತಿ ಪ್ರತಿ ಪುಟ ನೋಡಿ. ಹತ್ತಾರು ಲಕ್ಷದ ಮೊತ್ತಕ್ಕೆ 14, ರೂಪಾಯಿ ಚಿಹ್ನೆ ಸಹಿತ ಕೋಟಿಗೆ 18 ಇಟ್ಟರೆ ಮುಂದಿನ ವರ್ಷವೂ ನಡೆಯುತ್ತದೆ.

ಪುಟದಲ್ಲಿ ಅಷ್ಟು ಜಾಗವಿಲ್ಲವೇ? ಪೈಸೆ ತೆಗೆಯಿರಿ. ದಶಮಾಂಶ ಕಡಿಮೆ ಮಾಡುವ ಗುಂಡಿಯನ್ನು ಎರಡು ಸಲ ಒತ್ತಿದರೆ ಚುಕ್ಕಿ ಸೇರಿ ಮೂರು ಅಕ್ಷರದ ಜಾಗ ಉಳಿಯುತ್ತದೆ, ಒಳಗಿನ ಬೆಲೆ ಬದಲಾಗುವುದಿಲ್ಲ. ಅಕೌಂಟಿಂಗ್ ಬದಲು ನಂಬರ್ ಫಾರ್ಮ್ಯಾಟ್ ಹಾಕಿದರೂ ಸ್ವಲ್ಪ ಉಳಿತಾಯ. 'ಶ್ರಿಂಕ್ ಟು ಫಿಟ್' ಎಂಬ ಆಯ್ಕೆಯೂ ಇದೆ, ಆದರೆ ಒಂದೊಂದು ಸೆಲ್‌ನಲ್ಲಿ ಒಂದೊಂದು ಗಾತ್ರದ ಅಂಕಿ ಬಂದು ಹಿರಿಯ ಸದಸ್ಯರು ಕನ್ನಡಕ ಒರೆಸಿಕೊಳ್ಳಬೇಕಾಗುತ್ತದೆ. ವ್ರ್ಯಾಪ್ ಟೆಕ್ಸ್ಟ್ ಒತ್ತಿ ಪ್ರಯೋಜನವಿಲ್ಲ, ಅಂಕಿ ಎರಡನೆಯ ಸಾಲಿಗೆ ಮಡಚಿಕೊಳ್ಳುವುದಿಲ್ಲ.

ಸಿಎ ಕಳಿಸಿದ ಹಾಳೆಗೆ ಪಾಸ್‌ವರ್ಡ್ ರಕ್ಷಣೆ ಇದ್ದರೆ ಅಗಲ ಬದಲಿಸುವ ಆಯ್ಕೆಯೇ ಮಂಕಾಗಿರುತ್ತದೆ. ರಕ್ಷಣೆ ಹಾಕುವಾಗ 'ಫಾರ್ಮ್ಯಾಟ್ ಕಾಲಮ್ಸ್' ಎಂಬ ಚೌಕಕ್ಕೆ ಗುರುತು ಹಾಕಿ ಕಳಿಸಿ ಎಂದು ಅವರಿಗೆ ಹೇಳಿ. ಲಿಬ್ರೆ ಆಫೀಸ್ ಕ್ಯಾಲ್ಕ್ ಬಳಸುವವರಿಗೆ ಅಂಕಿಯ ಜಾಗದಲ್ಲಿ ### ಕಾಣುತ್ತದೆ. ಮರೆಯಾದ ಟೆಕ್ಸ್ಟಿಗೆ ಅದು ಸೆಲ್‌ನ ಅಂಚಿನಲ್ಲಿ ಸಣ್ಣ ಕೆಂಪು ತ್ರಿಕೋನವನ್ನೂ ತೋರಿಸುತ್ತದೆ, ಎಕ್ಸೆಲ್‌ನಲ್ಲಿ ಇಲ್ಲದ ಅನುಕೂಲ ಇದು.