‘ಪಾಪ, ಕೂಸಿನ ಮುಖಕ್ಕೆ ಏನಾತು?’ ಅಂದರೆ ಏನು ಹೇಳಬೇಕು

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಇಬ್ಬರಾದರೂ ನನ್ನ ಮಗಳ ಮುಖದ ಬಗ್ಗೆ ಕೇಳುತ್ತಾರೆ. ಮೂಗಿನ ಅಂಚಿನಿಂದ ಎಡಗಿವಿಯವರೆಗೆ, ಬೀಟ್‌ರೂಟ್ ರಸ ಚೆಲ್ಲಿದ ಹಾಗೆ, ಅವಳಿಗೊಂದು ಹುಟ್ಟುಮಚ್ಚೆ ಇದೆ. ಈಗ ಒಂದನೇ ಕ್ಲಾಸು. ಇಷ್ಟು ವರ್ಷದಲ್ಲಿ ನಾನು ಮಾಡದ ತಪ್ಪಿಲ್ಲ. ಅದೇ ತಪ್ಪನ್ನು ಬೇರೆ ಅಪ್ಪ-ಅಮ್ಮಂದಿರು ಮಾಡುವುದು ನೋಡಿ ಬರೆಯಲು ಕೂತೆ.

ಮೊದಲು ಮಚ್ಚೆಯ ಹೆಸರು ತಿಳಿದುಕೊಳ್ಳಿ. ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿದರೆ ಸಾಕು. ನಮ್ಮದು ಪೋರ್ಟ್ ವೈನ್ ಸ್ಟೇನ್. ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಹಿಗ್ಗಿರುವುದರಿಂದ ಆ ಬಣ್ಣ. ಹುಟ್ಟುವ 1000 ಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ಇರುತ್ತದೆ. ತಾನಾಗೇ ಹೋಗುವುದಿಲ್ಲ. ಪಕ್ಕದ ಮನೆಯವರು ‘ನಮ್ಮ ಮೊಮ್ಮಗಂದು ಹೋಯ್ತಲ್ಲ’ ಅಂದರೆ ಅದು ಬೇರೆ ಜಾತಿಯದು, ಹುಟ್ಟಿದ ಕೆಲವು ವಾರಕ್ಕೆ ಎದ್ದು, ಉಬ್ಬಿ, ವರ್ಷಗಳಲ್ಲಿ ಇಳಿಯುವಂಥದ್ದು. ಮಚ್ಚೆ ಹಣೆಯ ಮೇಲೋ ಕಣ್ಣಿನ ಮೇಲಿನ ರೆಪ್ಪೆಯ ಮೇಲೋ ಇದ್ದರೆ ಕಣ್ಣಿನ ಡಾಕ್ಟರಿಗೂ ತೋರಿಸಲೇಬೇಕು. ಫಿಟ್ಸ್ ಬಗ್ಗೆಯೂ ಕೇಳಿ.

ಆಮೇಲೆ ಮನೆಯವರದ್ದು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ನಾನು ಬಸುರಿ. ಬೆಳಗ್ಗೆ ಹುರುಳಿಕಾಯಿ ಹೆಚ್ಚಿದ್ದೆ. ಮಗಳು ಹುಟ್ಟಿದ ಮೇಲೆ ಅತ್ತೆ ಅದೇ ಹುರುಳಿಕಾಯಿಯನ್ನು ಎರಡು ವರ್ಷ ಎತ್ತಿ ಆಡಿದರು. ಕಾರಣ ಏನೆಂದು 2013ರಲ್ಲೇ ಗೊತ್ತಾಗಿದೆ. ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಕೆಲವು ಜೀವಕೋಶಗಳ ಒಂದು ಜೀನ್‌ನಲ್ಲಿ ಬದಲಾವಣೆ ಆಗಿರುತ್ತದೆ. ಯಾರೂ ಮಾಡಿದ್ದಲ್ಲ, ಯಾರಿಂದಲೂ ಬಂದಿದ್ದಲ್ಲ. ನಾನು ಹೇಳಿದ್ದನ್ನು ಅತ್ತೆ ನಂಬಲಿಲ್ಲ. ಡಾಕ್ಟರ ಬಾಯಿಂದ ಕೇಳಿ ನಂಬಿದರು. ಹಾಗಾಗಿ ಅಜ್ಜಿಯನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದುಗ್ಗಮ್ಮನ ಜಾತ್ರೆಗೆ ನೆಂಟರು ಬರುವ ಮೊದಲೇ ಫೋನಿನಲ್ಲಿ ಹೇಳಿಬಿಡಿ, ಬಾಗಿಲಲ್ಲೇ ‘ಅಯ್ಯೋ ಶಿವನೇ’ ಅನ್ನುವುದು ತಪ್ಪುತ್ತದೆ.

ಈಗ ಎಲ್ಲರೂ ಎಡವುವ ಜಾಗ. ಗೊತ್ತಿಲ್ಲದವರು ಕೇಳಿದಾಗ ಏನು ಹೇಳುವುದು?

ಒಮ್ಮೆ ಬೆಣ್ಣೆದೋಸೆ ತಿನ್ನಲು ಕೂತಿದ್ದೆವು. ಪಕ್ಕದ ಟೇಬಲ್ಲಿನ ಹೆಂಗಸು ‘ಯವ್ವಾ, ಕೂಸಿಗೆ ಏನಾತು? ಬಿಸಿನೀರು ಬಿತ್ತಾ?’ ಅಂದರು. ಕೆಟ್ಟ ಮನಸ್ಸಲ್ಲ, ಮರುಕ. ನಾನು ಶುರು ಮಾಡಿದೆ ನೋಡಿ: ಹೆರಿಗೆ, ಡಾಕ್ಟರು, ಲೇಸರ್, ಅದರ ಖರ್ಚು. ಅವರು ಲೊಚಗುಟ್ಟುತ್ತಾ ಕೇಳಿದರು. ತಿರುಗಿ ನೋಡಿದರೆ ದೋಸೆಯ ಮೇಲಿನ ಬೆಣ್ಣೆ ಹೆಪ್ಪುಗಟ್ಟಿತ್ತು. ಮಗಳು ಬಲಗೈಯಲ್ಲಿ ತುತ್ತು ಹಿಡಿದು, ಎಡಗೈಯಿಂದ ಕೆನ್ನೆ ಮುಚ್ಚಿಕೊಂಡಿದ್ದಳು. ಅಲ್ಲಿಯವರೆಗೆ ಅವಳು ಒಮ್ಮೆಯೂ ಹಾಗೆ ಮಾಡಿರಲಿಲ್ಲ.

ಕೇಳಿದವರು ಐದು ನಿಮಿಷಕ್ಕೆ ಮರೆಯುತ್ತಾರೆ. ನಿಮ್ಮ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳುವುದು ಪಕ್ಕದಲ್ಲಿ ಕೂತ ಮಗು. ಉತ್ತರ ಅದಕ್ಕೆ ಕೊಡಿ.

ನನ್ನದು ಹೀಗಿದೆ: ‘ಹುಟ್ಟುಮಚ್ಚೆ ಅಜ್ಜಿ, ನೋವೇನಿಲ್ಲ. ನೀವು ಎಲ್ಲಿ ಇಳೀಬೇಕು?’ ಅಷ್ಟೇ. ಮೊದಲ ಮಾತು ಏನೆಂದು ಹೇಳುತ್ತದೆ, ಎರಡನೆಯದು ಮರುಕ ನಿಲ್ಲಿಸುತ್ತದೆ, ಮೂರನೆಯದು ಮಾತು ತಿರುಗಿಸುತ್ತದೆ. ಮಂಡಕ್ಕಿ ಸೇರಿಗೆ ಎಷ್ಟು ಅಂತ ಹೇಳುವಾಗ ಇರುವ ದನಿಯೇ ಇರಲಿ. ದನಿ ಇಳಿಸಬೇಡಿ. ಪಿಸುಗುಟ್ಟಿದರೆ ಮಗುವಿಗೆ ಇದು ಮುಚ್ಚಿಡುವ ವಿಷಯ ಅನ್ನಿಸುತ್ತದೆ. ‘ಕಲೆ’, ‘ತೊಂದರೆ’, ‘ಏನು ಮಾಡೋದು ಹಣೆಬರಹ’ ಇವು ಮೂರೂ ಬೇಡ. ಹೇಳುವಾಗ ಒಂದು ಕೈ ಮಗುವಿನ ಬೆನ್ನ ಮೇಲಿರಲಿ. ಹೊರಗೆ ಹೋಗುವ ಮೊದಲು ಮನೆಯಲ್ಲಿ ಹತ್ತು ಸಲ ಹೇಳಿ ನೋಡಿ. ನಾಚಿಕೆ ಅನ್ನಿಸುತ್ತದೆ, ಆದರೂ ಮಾಡಿ. ಬಾಯಿಪಾಠ ಆಗದಿದ್ದರೆ ಆ ಹೊತ್ತಿಗೆ ಗಂಟಲು ಕಟ್ಟುತ್ತದೆ.

ಅಷ್ಟಕ್ಕೇ ಬಿಡದವರೂ ಇದ್ದಾರೆ. ‘ಆಪರೇಷನ್ ಮಾಡಿಸಲಿಲ್ವಾ?’ ಅಂದರೆ ‘ಡಾಕ್ಟ್ರು ನೋಡ್ತಿದ್ದಾರೆ’ ಅನ್ನಿ. ಲೇಸರ್‌ಗೆ ಹಲವು ಸಲ ಹೋಗಬೇಕು, ಬಣ್ಣ ತಿಳಿಯಾಗಬಹುದು, ಪೂರ್ತಿ ಹೋಗದೆಯೂ ಇರಬಹುದು. ಇದನ್ನೆಲ್ಲ ಬಸ್ಸಿನಲ್ಲಿ ಬಿಡಿಸಿ ಹೇಳಬೇಕಿಲ್ಲ. ‘ಹೆಣ್ಣುಮಗು, ಮುಂದೆ ಮದುವೆ?’ ಅಂತ ಒಬ್ಬರು ಕೇಳಿದಾಗ ಅವಳಿಗೆ ನಾಲ್ಕು ವರ್ಷ. ‘ಇನ್ನೂ ಹಾಲುಹಲ್ಲೇ ಬಿದ್ದಿಲ್ಲಮ್ಮ’ ಅಂದೆ. ಅವರೇ ನಕ್ಕರು.

ಜಗಳ ಮಾತ್ರ ಬೇಡ. ದಿಟ್ಟಿಸುತ್ತಿದ್ದ ಒಬ್ಬರ ಮೇಲೆ ಒಮ್ಮೆ ಬಸ್‌ಸ್ಟಾಂಡಿನಲ್ಲಿ ಕೂಗಾಡಿದೆ. ಮಗಳು ಅವರನ್ನು ನೋಡಿಯೇ ಇರಲಿಲ್ಲ. ಅವಳಿಗೆ ನೆನಪಿರುವುದು ನನ್ನ ಕೂಗು. ದಿಟ್ಟಿಸುವವರ ಕಣ್ಣಿಗೆ ಕಣ್ಣು ಕೊಟ್ಟು ‘ಊಟ ಆಯ್ತಾ?’ ಅನ್ನಿ, ತಾವಾಗೇ ಬೇರೆ ಕಡೆ ನೋಡುತ್ತಾರೆ.

ಅಡ್ಡದಾರಿಗಳು ಬೇಕಾದಷ್ಟಿವೆ. ಸುಣ್ಣ-ಸೋಡಾ ಹಚ್ಚಿದರೆ ಮಚ್ಚೆ ಉದುರುತ್ತದೆ ಅನ್ನುವವರನ್ನು ಮನೆ ಹತ್ತಿರ ಸೇರಿಸಬೇಡಿ. ಸುಡುವುದು ಚರ್ಮ, ಬಣ್ಣ ಇರುವುದು ಅದರ ಕೆಳಗೆ. ಬೆಳ್ಳಗಾಗುವ ಕ್ರೀಮುಗಳಲ್ಲಿ ಕೆಲವಕ್ಕೆ ಸ್ಟೆರಾಯ್ಡ್ ಬೆರೆಸಿರುತ್ತಾರೆ, ಚರ್ಮ ತೆಳ್ಳಗಾಗುತ್ತದೆ. ಪೌಡರ್ ಬಳಿದು ಮುಚ್ಚುವುದೂ ನನಗೆ ಹಿಡಿಸದು. ದೊಡ್ಡವಳಾದ ಮೇಲೆ ಅವಳಿಗೇ ಬೇಕಾದರೆ ಹಚ್ಚಿಕೊಳ್ಳಲಿ. ‘ದೇವರು ಮುತ್ತು ಕೊಟ್ಟ ಗುರುತು’ ಅನ್ನುವ ಕಥೆಯನ್ನೂ ನಾನು ಹೇಳಿ ನೋಡಿದೆ. ‘ಹಂಗಾದ್ರೆ ತಮ್ಮನಿಗೆ ಯಾಕೆ ಕೊಡ್ಲಿಲ್ಲ?’ ಅಂದಳು. ಬಿಟ್ಟೆ.

ಮಕ್ಕಳ ವಿಷಯ ಸುಲಭ. ಕೇಳುತ್ತಾರೆ, ಉತ್ತರ ಸಿಕ್ಕರೆ ಆಟಕ್ಕೆ ಹೋಗುತ್ತಾರೆ. ಶಾಲೆ ಶುರುವಾಗುವ ಮೊದಲು ಟೀಚರಿಗೆ ನಿಮ್ಮ ಆ ಒಂದು ಮಾತನ್ನೇ ಹೇಳಿಕೊಡಿ.

ಐದಾರು ವರ್ಷಕ್ಕೆ ಉತ್ತರವನ್ನು ಮಗುವಿಗೇ ಬಿಟ್ಟುಕೊಡಿ. ಯಾರಾದರೂ ಕೇಳಿದರೆ ನಾನೀಗ ಮಗಳ ಕಡೆ ನೋಡುತ್ತೇನೆ. ಮನಸ್ಸಿದ್ದರೆ ‘ಹುಟ್ಟಿದಾಗಿಂದ ಐತಿ, ನಂದೇ’ ಅನ್ನುತ್ತಾಳೆ. ಇಲ್ಲದಿದ್ದರೆ ನನ್ನ ಸೆರಗು ಜಗ್ಗುತ್ತಾಳೆ, ಆಗ ನಾನು ಹೇಳುತ್ತೇನೆ. ಈ ಜಗ್ಗುವ ಗುರುತನ್ನು ಮೊದಲೇ ಮಾತಾಡಿಕೊಂಡಿರಿ.

ಇನ್ನೊಂದು ಮರೆತಿದ್ದೆ. ಫೋಟೊ ಸ್ಟುಡಿಯೊದವರಿಗೆ ಕ್ಯಾಮೆರಾ ಎತ್ತುವ ಮೊದಲೇ ‘ಮಚ್ಚೆ ತೆಗೀಬೇಡಿ’ ಅನ್ನಿ. ಶಾಲೆಗೆಂದು ತೆಗೆಸಿದ ಎಂಟು ಪಾಸ್‌ಪೋರ್ಟ್ ಫೋಟೊಗಳಲ್ಲೂ ಕೆನ್ನೆ ಉಜ್ಜಿ ತೊಳೆದ ಹಾಗಿತ್ತು. ಉಪಕಾರ ಮಾಡಿದೆ ಅಂದುಕೊಂಡಿದ್ದರು ಪಾಪ. ಮಗಳು ಕೌಂಟರಿನ ಮೇಲಿಂದ ಒಂದನ್ನು ಎತ್ತಿಕೊಂಡು ‘ಇದ್ಯಾರಮ್ಮ?’ ಅಂದಳು. ಮತ್ತೆ ಎಂಟು ಹಾಕಿಸಿದೆವು.