ಟ್ರಾವೆಲ್ ಟ್ರೈಲರ್ ಬೇರಿಂಗ್, ಬ್ರೇಕ್: ಡ್ರಮ್ ಬಿಚ್ಚಿದಾಗ ಎರಡನ್ನೂ ನೋಡಿ

ಅಮೆರಿಕದ ಟ್ರಾವೆಲ್ ಟ್ರೈಲರ್‌ಗಳಲ್ಲಿ (ವಾಹನದ ಹಿಂದೆ ಎಳೆದೊಯ್ಯುವ ಮನೆಗಾಡಿಗಳಲ್ಲಿ) ಹೆಚ್ಚಾಗಿ ಸಿಗುವುದು 3,500 ಪೌಂಡ್ ಆಕ್ಸಲ್ ಮತ್ತು 10 ಇಂಚಿನ ಎಲೆಕ್ಟ್ರಿಕ್ ಡ್ರಮ್ ಬ್ರೇಕ್. ವರ್ಷ ತುಂಬಲಿ, 12,000 ಮೈಲಿಯಾಗಲಿ, ಯಾವುದು ಮೊದಲೋ ಆಗ ಡ್ರಮ್ ಬಿಚ್ಚಬೇಕು. ಓಡದೆ ನಿಂತ ಟ್ರೈಲರ್‌ಗೂ ಇದೇ ಲೆಕ್ಕ. ಒಳಗೆ ತೇವ ಸೇರಿ ಬೇರಿಂಗ್‌ಗೆ ತುಕ್ಕು ಹಿಡಿಯುತ್ತದೆ.

ಜಾಕ್ ಫ್ರೇಮಿಗೇ ಕೊಡಿ, ಆಕ್ಸಲ್‌ಗೆ ಬೇಡ, ಬಾಗೀತು. ಸ್ಟ್ಯಾಂಡ್ ಇಡದೆ ಕೈ ಹಾಕಬೇಡಿ.

ಬೇರಿಂಗ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ. ರೋಲರ್ ಮೇಲೆ ಗುಳಿ, ನೀಲಿ ಬಣ್ಣ ಕಂಡರೆ ಬೇರಿಂಗನ್ನೂ ಹಬ್ (ಡ್ರಮ್ಮಿನ ನಡುಭಾಗ) ಒಳಗಿನ ಕಪ್ ಅನ್ನೂ (ರೋಲರ್ ಓಡುವ ಉಕ್ಕಿನ ಬಳೆ) ಜೋಡಿಯಾಗಿಯೇ ಬದಲಿಸಿ. ಅಂಗೈಗೆ ಗ್ರೀಸ್ ಹಾಕಿಕೊಂಡು ಬೇರಿಂಗಿನ ಅಗಲದ ಅಂಚನ್ನು ಅದಕ್ಕೆ ಒತ್ತುತ್ತಾ ಹೋಗಿ. ಇನ್ನೊಂದು ಬದಿಯಲ್ಲಿ ರೋಲರ್ ಸಂದಿಯಿಂದ ಗ್ರೀಸ್ ಉಕ್ಕಿದರೆ ಆ ಜಾಗ ತುಂಬಿತು ಎಂದರ್ಥ. ಹೀಗೆ ಸುತ್ತಲೂ ತುಂಬಿ. ಲಿಥಿಯಂ ಕಾಂಪ್ಲೆಕ್ಸ್ ನಂಬರ್ 2 ಗ್ರೀಸ್ ಸಾಕು, ಬೇರೆ ಜಾತಿಯದರ ಜತೆ ಬೆರೆಸಬೇಡಿ. ಗ್ರೀಸ್ ಬ್ರೇಕ್ ಕಡೆಗೆ ಸೋರದಂತೆ ತಡೆಯುವ ಒಳಗಿನ ಸೀಲ್ ಪ್ರತಿಸಲ ಹೊಸದೇ ಇರಲಿ.

ಹೆಚ್ಚು ಮಂದಿ ಎಡವುವುದು ಸ್ಪಿಂಡಲ್ (ಹಬ್ ಕೂರುವ ಆಕ್ಸಲ್ ತುದಿ) ಮೇಲಿನ ನಟ್ ಬಿಗಿಯುವಾಗ. ಹಬ್ ತಿರುಗಿಸುತ್ತಲೇ 50 ಫೂಟ್-ಪೌಂಡ್‌ವರೆಗೆ ಬಿಗಿಯಿರಿ. ಆಮೇಲೆ ಹಬ್ ಅಲುಗಿಸದೆ ನಟ್ ಸಡಿಲಿಸಿ, ಬೆರಳಿನಿಂದಷ್ಟೇ ಮತ್ತೆ ತಿರುಗಿಸಿ, ನಟ್ ಕಳಚದಂತೆ ತಡೆಯುವ ಕಾಟರ್ ಪಿನ್ ಹಾಕಿ. ತೂತು ಕೂಡಿಬರದಿದ್ದರೆ ನಟ್ಟನ್ನು ಸಡಿಲದ ಕಡೆಗೇ ಸರಿಸಬೇಕು. ಬಿಗಿಯಾದ ಬೇರಿಂಗ್ ಕಾದು ಸುಟ್ಟುಹೋಗುತ್ತದೆ.

ಹಬ್ ಕೂರಿಸುವ ಮೊದಲು ಬ್ರೇಕ್ ಕಡೆ ನೋಡಿ. ಶೂ ಮೇಲಿನ ಉಜ್ಜುಪದರವಾದ ಲೈನಿಂಗ್ 1/16 ಇಂಚಿಗೆ ಇಳಿದಿದ್ದರೆ, ಅಥವಾ ಅದರ ಮೇಲೆ ಗ್ರೀಸ್ ಕೂತಿದ್ದರೆ, ಶೂ ಬದಲಿಸಿ. ಒರೆಸಿ ಹಾಕಿದರೆ ಆ ಚಕ್ರ ಹಿಡಿಯುವುದಿಲ್ಲ. ಗ್ರೀಸ್ ಅಲ್ಲಿಗೆ ಬಂದಿದ್ದರೆ ಸೀಲ್ ಹರಿದಿರಬಹುದು. ಸ್ಪಿಂಡಲ್ ತುದಿಯ ನಿಪ್ಪಲ್‌ಗೆ ಗನ್ನಿನಿಂದ ಜೋರಾಗಿ ಗ್ರೀಸ್ ತುಂಬಿದರೂ ಇದೇ ಗತಿ. ಕರೆಂಟ್ ಹರಿದಾಗ ಡ್ರಮ್ಮಿಗೆ ಅಂಟಿ ಶೂಗಳನ್ನು ತಳ್ಳುವ ಮ್ಯಾಗ್ನೆಟ್ಟಿನ ಸವೆತ ಓರೆಯಾಗಿರಬಾರದು. ಮೀಟರಿನಲ್ಲಿ ಸುಮಾರು 3.2 ಓಮ್ ತೋರಿಸಬೇಕು.

ಬ್ರೇಕ್ ಹೊಂದಿಸಲು, ಬ್ರೇಕಿನ ಹಿಂದಿನ ತಟ್ಟೆಯ ಕೆಳಗಿನ ಕಿಂಡಿಯಿಂದ ಸ್ಟಾರ್ ವೀಲನ್ನು (ಶೂಗಳನ್ನು ಡ್ರಮ್ ಕಡೆಗೆ ಸರಿಸುವ ಹಲ್ಲುಗಾಲಿ) ಚಕ್ರ ತಿರುಗುವುದು ಕಷ್ಟವಾಗುವಷ್ಟು ಬಿಗಿಮಾಡಿ, ಆಮೇಲೆ ಲೈನಿಂಗ್ ಹಗುರವಾಗಿ ಉಜ್ಜುವಷ್ಟಕ್ಕೆ ಸಡಿಲಿಸಿ. ಹೊಸ ಶೂ ಆದರೆ 200 ಮೈಲಿ ಕಳೆದ ಮೇಲೆ ಇನ್ನೊಮ್ಮೆ.

ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚಿನಿಂದ ಬಿಗಿದು, 10, 25, 50 ಮೈಲಿಯಲ್ಲಿ ಮತ್ತೆ ನೋಡಿ. ನಿಂತಾಗೆಲ್ಲ ಹಬ್ಬುಗಳ ಹತ್ತಿರ ಕೈ ಹಿಡಿಯಿರಿ. ಒಂದೇ ಹಬ್ ಉಳಿದವಕ್ಕಿಂತ ಬಿಸಿಯಿದ್ದರೆ ಬೇರಿಂಗ್ ಬಿಗಿಯಾಗಿದೆ, ಇಲ್ಲವೇ ಶೂ ಉಜ್ಜುತ್ತಿದೆ.